ಅಟ್ಟದ ಮೇಲಿನ ವೀಣೆ

ಮಕ್ಕಳೇ, ಅಜ್ಜಿ ಮನೆಯ ಅಟ್ಟ ಹತ್ತಿದ್ದೀರಾ? ಹೆಬ್ಬೆಯ ನಮ್ಮಕ್ಕನ ಮನೆಯ ಅಟ್ಟದಲ್ಲಿ, ಕಾಫಿ ಚೀಲಗಳ ಹಿಂದೆ, ಗೋಣಿ ಸುತ್ತಿದ ವೀಣೆಯೊಂದು ಸಿಕ್ಕಿತು. ಅಕ್ಕ ಮದುವೆಯಾಗಿ ಬಂದಾಗ ತಂದದ್ದು. ತಂತಿಗೆ ತುಕ್ಕು ಹಿಡಿದಿತ್ತು, ಮೆಟ್ಟುಗಳು ಕಳಚಿದ್ದವು. ಅಕ್ಕನಿಗೀಗ 82. “ಗುಜರಿಗೆ ಕೊಟ್ಟುಬಿಡು, ಇನ್ನು ಯಾರು ನುಡಿಸ್ತಾರೆ?” ಎಂದಳು. ಆದರೆ ಕೈ ಮಾತ್ರ ವೀಣೆಯ ಮೇಲೇ ಇತ್ತು.

ವೀಣೆಗೆ 7 ತಂತಿ: 4 ರಾಗ ನುಡಿಸಲು, 3 ತಾಳಕ್ಕೆ. ಮೆಟ್ಟು 24. ಇವನ್ನು ಮೊಳೆ ಹೊಡೆದು ಕೂರಿಸುವುದಿಲ್ಲ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ, ಒಂದೊಂದೇ ಸ್ವರ ಕೇಳುತ್ತಾ ಅದರ ಮೇಲೆ ನಿಲ್ಲಿಸುತ್ತಾರೆ. ಇದೇ ಮೇಳ ಕಟ್ಟುವುದು. ಮೇಣ ಬಿರಿದರೆ ಸ್ವರ ತಪ್ಪುತ್ತದೆ; ಹೊಸ ಮೇಣ ಹಾಕಿ ಕಟ್ಟಿದರೆ ಮತ್ತೆ ನುಡಿಯುತ್ತದೆ.

ಹವಾಯಿಯ ಪುಟ್ಟ ಉಕುಲೇಲೆಯ ಕಥೆಯೂ ಹೀಗೇ. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆ ಹಡಗಿನಲ್ಲಿ ಬಂದವರು ತಮ್ಮೂರಿನ ನಾಲ್ಕು ತಂತಿಯ ವಾದ್ಯವನ್ನೂ ತಂದರು. ಅದರಿಂದಲೇ ಉಕುಲೇಲೆ ಹುಟ್ಟಿತು. ಊರು ಬಿಟ್ಟವರು ವಾದ್ಯ ಬಿಡಲಿಲ್ಲ.

ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ರಿಪೇರಿ ಖರ್ಚು ಗುಜರಿ ಬೆಲೆಯ ಐದು ಪಟ್ಟಾಯಿತು. ಮೈಸೂರಿನಿಂದ ವೀಣೆ ಬಂದ ದಿನ ಅಕ್ಕನ ಬೆರಳು ಸರಿಯಾಗಿ ಮಡಚಲಿಲ್ಲ. ಅವಳು “ಸ” ಎಂದು ಹಾಡಿದಳು, ಮೊಮ್ಮಗಳು ತಂತಿ ಮೀಟಿದಳು. ಈಗ ವಾರಕ್ಕೆರಡು ದಿನ ಪಾಠ.

ಅಜ್ಜ ಅಜ್ಜಿಯರೇ, ಹಳೆಯ ವಾದ್ಯ ಮಾರುವ ಮುನ್ನ ಮೊಮ್ಮಕ್ಕಳಿಗೊಮ್ಮೆ ತೋರಿಸಿ. ಮಕ್ಕಳೇ, ವೀಣೆಯನ್ನು ಬಿಸಿಲಿಗಿಡಬೇಡಿ, ಮೇಣ ಕರಗೀತು! ತುಕ್ಕು ತಂತಿಯನ್ನು ಬಿಗಿಯಲೂ ಬೇಡಿ, ಬಲ್ಲವರಿಗೆ ಒಪ್ಪಿಸಿ.