ಕಡಲೂರಿಗೆ ಹೋದರೆ ಬಾವಿ ನೋಡಿ ಇಳಿದುಕೊಳ್ಳಿ

ಬೇಸಿಗೆ ರಜೆ ಬಂತೆಂದರೆ ನಮ್ಮ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯವರಿಗೆ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ನೆನಪಾಗುತ್ತವೆ. ದರ್ಶನ ಮುಗಿಯುತ್ತಲೇ ಮಕ್ಕಳ ಹಟ ಒಂದೇ: ‘ಸಮುದ್ರ ತೋರ್ಸು.’ ಆಗ ಏಳುವ ಪ್ರಶ್ನೆ, ಇಳಿದುಕೊಳ್ಳುವುದು ಎಲ್ಲಿ?

ಹಿಂದೊಮ್ಮೆ ನಾವೂ ಮಂಗಳೂರಿನ ಹೆದ್ದಾರಿ ಪಕ್ಕದ ಒಂದು ಲಾಡ್ಜಿನಲ್ಲಿ ಇಳಿದೆವು. ರಾತ್ರಿಯಿಡೀ ಲಾರಿಗಳ ಸದ್ದು. ಉಬ್ಬಸವಿದ್ದ ಅಮ್ಮ ಹೊಗೆಗೆ ಕಣ್ಣು ಮುಚ್ಚಲಿಲ್ಲ. ಊರಿಗೆ ಬಂದ ಮೇಲೆ ಪಕ್ಕದ ಮನೆಯವರು, ‘ಏನಣ್ಣಾ, ಸಮುದ್ರ ನೋಡಾಕೆ ಹೋಗಿ ರಸ್ತೆ ನೋಡ್ಕಂಡು ಬಂದ್ಯಾ?’ ಅಂದರು. ಹೌದು ಅನ್ನದೆ ದಾರಿಯಿರಲಿಲ್ಲ.

ಮುಂದಿನ ಸಲ ಪೇಟೆ ಬಿಟ್ಟೆವು. ಮಂಗಳೂರಿನಿಂದ ಉತ್ತರಕ್ಕೆ ಹೋಗಿ ಹಳೆಯಂಗಡಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಸಸಿಹಿತ್ಲು. ನಂದಿನಿ, ಶಾಂಭವಿ ಎರಡೂ ಹೊಳೆಗಳು ಅಲ್ಲಿ ಕಡಲಿಗೆ ಸೇರುತ್ತವೆ. ಒಂದು ಕಡೆ ಅಲೆ, ಇನ್ನೊಂದು ಕಡೆ ತೆಂಗಿನ ನೆರಳಿನ ನಿಂತ ಹೊಳೆ. ಉಡುಪಿ ಕಡೆಯಾದರೆ ಸುವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಕೋಡಿಬೆಂಗ್ರೆ. ಪೆನ್ನಾರಿನ ಒಣ ಮರಳು ನೋಡಿ ಬೆಳೆದ ನಮ್ಮಂಥವರಿಗೆ ಇಂಥ ಜಾಗವೇ ಒಂದು ಕ್ಷೇತ್ರ.

ಆದರೆ ಜಾಗ ಚೆನ್ನಾಗಿದ್ದರೆ ಸಾಲದು, ನಾವು ಹೋಗುವುದರಿಂದ ಅಲ್ಲಿನವರಿಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ನಮ್ಮ ಸೀಮೆಯ ಮಳೆ ವರ್ಷಕ್ಕೆ 550 ಮಿ.ಮೀ. ಆಸುಪಾಸು, ಅಲ್ಲಿ 3,500 ಮೀರುತ್ತದೆ. ಹಾಗಂತ ಅಲ್ಲಿ ನೀರಿನ ಚಿಂತೆ ಇಲ್ಲ ಅಂದುಕೊಂಡರೆ ತಪ್ಪು. 2016 ಮತ್ತು 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯಲ್ಲಿ ನೀರಿಳಿದು ಮಂಗಳೂರು ಪೇಟೆಗೇ ಸರದಿ ಮೇಲೆ ನೀರು ಬಿಡಬೇಕಾಯಿತು. ದಡದ ಹಳ್ಳಿಗಳಲ್ಲಿ ಸಿಹಿನೀರನ್ನು ಹೆಚ್ಚು ಎತ್ತಿದಷ್ಟೂ ಉಪ್ಪುನೀರು ಒಳಗೆ ನುಗ್ಗುತ್ತದೆ. ‘ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ’ ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಬೋರ್‌ವೆಲ್ ಬತ್ತಿದ ನೋವು ಬಲ್ಲ ನಾವೇ ಇನ್ನೊಬ್ಬರ ಬಾವಿ ಉಪ್ಪು ಮಾಡಬಾರದು.

ಇನ್ನೊಂದು ಮಾತು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಕಟ್ಟಡಕ್ಕೆ ಬಿಡಬೇಕಾದ ಅಂತರವನ್ನು ಉಬ್ಬರದ ಗೆರೆಯಿಂದ 200 ಮೀಟರ್ ಇದ್ದದ್ದನ್ನು 50ಕ್ಕೆ ಇಳಿಸಿತು. ಅತ್ತ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ, ತೆಂಗು ಕಳೆದುಕೊಂಡವರಿದ್ದಾರೆ. ಅಲೆ ಬಂದು ಬಾಗಿಲು ತಟ್ಟುವ ಕೋಣೆಯೇ ಬೇಕೆಂದು ನಾವು ಹಟ ಹಿಡಿದರೆ, ಕಟ್ಟುವವರು ಕಟ್ಟಿಯೇ ಕಟ್ಟುತ್ತಾರೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. ದಡದಿಂದ ಒಂದಿಷ್ಟು ಒಳಗೆ, ಹೊಳೆ ಬದಿಯ ಹಳ್ಳಿಯಲ್ಲಿ, ಮನೆಯವರೇ ನಡೆಸುವ ತಂಗುಮನೆ ಹುಡುಕಿ. ಕಡಲಿಗೆ ನಡೆದೇ ಹೋಗಿ. ಮುಂಗಡ ಕೊಡುವ ಮುನ್ನ ಬಾವಿ ಎಲ್ಲಿದೆ, ಬೇಸಿಗೆಯಲ್ಲಿ ನೀರು ಹೇಗೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ನಾಚಿಕೆ ಬೇಡ. ನದೀಮುಖದಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ, ಮರಳ ದಿಬ್ಬ ಅಲ್ಲಿ ಜಾಗ ಬದಲಿಸುತ್ತಿರುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ, ನಾವ್ಯಾಕೆ ಇಳಿಯಬೇಕು?

ಆ ಸಲ ಅಮ್ಮ ರಾತ್ರಿಯಿಡೀ ನಿದ್ದೆ ಮಾಡಿದರು. ಬೆಳಿಗ್ಗೆ ಮನೆಯೊಡತಿ ತುಳು ಬೆರೆಸಿ, ಅಮ್ಮ ತೆಲುಗು ಬೆರೆಸಿ, ಇಬ್ಬರೂ ಕನ್ನಡದಲ್ಲೇ ಬಾವಿಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದರು. ಮಾತೆಲ್ಲ ನೀರಿನದ್ದೇ.