ಮೂಸಿಗೆ ಮದ್ದು ಹಾಕಿದವರು ಯಾರು?

ಸೆಪ್ಟೆಂಬರ್ 15 ಬಂತೆಂದರೆ ಹೈದರಾಬಾದಿನ ಕನ್ನಡಿಗರಾದ ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಹೆಮ್ಮೆಪಡುತ್ತೇವೆ. ಸರಿಯೇ. 1908ರಲ್ಲಿ ಮೂಸಿ ಉಕ್ಕಿ ನಗರವನ್ನು ಕೊಚ್ಚಿದ ಮೇಲೆ, ನಿಜಾಮರ ಸರ್ಕಾರದ ಕರೆಗೆ ಓಗೊಟ್ಟು ಬಂದು, ನೆರೆ ತಡೆಯಲು ಜಲಾಶಯಗಳ ಯೋಜನೆ ಕೊಟ್ಟವರು ಅವರು. ಆದರೆ ಅದೇ ಮೂಸಿಗೆ ಈಗ ಏನು ಸೇರುತ್ತಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಕೊಳಚೆ ಎನ್ನುವಿರಿ. ಕೊಳಚೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ನೀರಿನಲ್ಲಿ ಕರಗಿದ ಔಷಧಿ ಕಾಣದು, ನಾರದು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧೀಕರಿಸುವ ಘಟಕದಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ, 2007ರಲ್ಲಿ ವರದಿ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿರುವುದಕ್ಕಿಂತಲೂ ಹೆಚ್ಚು! ಇದು ‘ಶುದ್ಧೀಕರಿಸಿದ’ ನೀರಿನ ಕಥೆ. ಮುಂದೆ ಆ ನೀರನ್ನು ಕೊಳವೆಯಲ್ಲಿ ಅಂಬರ್‌ಪೇಟೆಗೆ ತಂದು, ಊರಿನ ಚರಂಡಿ ನೀರಿನೊಡನೆ ಶುದ್ಧೀಕರಿಸಿ ಮೂಸಿಗೆ ಬಿಡುವ ಏರ್ಪಾಡಾಯಿತು. ಚರಂಡಿ ನೀರಿಗೆಂದು ಕಟ್ಟಿದ ಘಟಕ ಔಷಧಿಯನ್ನು ಪೂರ್ತಿ ತೆಗೆಯಲಾರದು. ಅಂಥ ನೀರಿನಲ್ಲಿ ಬದುಕಿ ಉಳಿಯುವುದು ಮದ್ದಿಗೆ ಬಗ್ಗದ ರೋಗಾಣು. ಆ ಗುಣವನ್ನು ಅದು ಬೇರೆ ರೋಗಾಣುಗಳಿಗೂ ದಾಟಿಸುತ್ತದೆ. ನಾಳೆ ನಮ್ಮ ಮಗುವಿಗೆ ಜ್ವರ ಬಂದಾಗ ಡಾಕ್ಟರು ಬರೆದ ಮಾತ್ರೆ ನಾಟದಿದ್ದರೆ ಯಾರನ್ನು ಕೇಳೋಣ?

“ನಮ್ಮ ನಲ್ಲಿಗೆ ಬರುವುದು ಕೃಷ್ಣಾ, ಗೋದಾವರಿಯ ನೀರು; ಮೂಸಿಯ ಗೊಡವೆ ನಮಗೇಕೆ?” ಎನ್ನುವವರಿದ್ದಾರೆ. ಮೂಸಿಯ ನೀರುಂಡು ಬೆಳೆದ ಸೊಪ್ಪು, ಆ ದಂಡೆಯ ಹುಲ್ಲು ಮೇಯ್ದ ಎಮ್ಮೆಯ ಹಾಲು ಈ ಊರಿನ ಅಡುಗೆಮನೆಗಳಿಗೆ ಬರುವುದಿಲ್ಲವೇ? ಕಾರ್ಖಾನೆಗಳನ್ನು ಬಿಗಿಮಾಡಿದರೆ ಔಷಧಿ ತುಟ್ಟಿಯಾದೀತೆಂಬುದು ಇನ್ನೊಂದು ವಾದ. ಕೆಲಸ ಮಾಡದ ಔಷಧಿ ಅಗ್ಗವಾಗಿದ್ದು ಬಂದ ಭಾಗ್ಯವೇನು?

2020ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಔಷಧಿ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಆಂಟಿಬಯೋಟಿಕ್‌ಗಳಿಗೆ ಮಿತಿ ಸೂಚಿಸಿ ಕರಡು ಹೊರಡಿಸಿತು. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳೇ ಮಾಯ! ರೋಗವನ್ನು ಗುರುತಿಸಿದ ವೈದ್ಯನೇ ಚೀಟಿ ಹರಿದುಹಾಕಿದಂತಾಯಿತು.

ಕೈಬಿಟ್ಟ ಮಿತಿಗಳು ಕಾನೂನಾಗಿ ಬರಬೇಕು. ನೀರನ್ನು ಕಾರ್ಖಾನೆಯ ಬಾಗಿಲಲ್ಲೇ ಅಳೆಯಬೇಕು. ಅಳೆದ ಲೆಕ್ಕ ಜನರ ಕೈಗೆ ಸಿಗಬೇಕು. ನಮ್ಮ ಸಂಘ ಇಷ್ಟನ್ನಾದರೂ ಬರೆದು, ಸದಸ್ಯರೆಲ್ಲರ ಸಹಿ ಹಾಕಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಮುಟ್ಟಿಸಲಿ. ಹೊಟ್ಟೆಪಾಡಿಗೆ ಬಂದ ನಮಗೆ ಈ ಊರಿನ ನದಿಯ ಉಸಾಬರಿ ಏಕೆನ್ನಬೇಡಿ. ವಿಶ್ವೇಶ್ವರಯ್ಯನವರೂ ಈ ಊರಿಗೆ ಹೊರಗಿನಿಂದಲೇ ಬಂದವರು.