ಏಳು ನಿಮಿಷದ ಫೈಟಿಂಗ್, ಇಪ್ಪತ್ತಾರು ಡಾಲರ್ ಕಲೆಕ್ಷನ್!

ಕುದುರೆ, ಧೂಳು, ಸೊಂಟದಲ್ಲಿ ರಿವಾಲ್ವರ್, ಊರ ನಡುವೆ ಒಂದು ಬ್ಯಾಂಕು... ಕೌಬಾಯ್ ಚಿತ್ರಕ್ಕೆ ಇಷ್ಟಿದ್ದರೆ ಸಾಕು ಗುರೂ, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ನಿಲ್ಲೋದೇ ಇಲ್ಲ! ಆದ್ರೆ ಶಿಳ್ಳೆ ಯಾರಿಗೆ? ದರೋಡೆಕೋರನಿಗೆ. ಬ್ಯಾಂಕಿನೊಳಗೆ ಕೂತ ಗುಮಾಸ್ತನ ಹೆಸರು ಯಾರಿಗೂ ಬೇಡ. ಈ ವಾರ ಅವನ ಕಥೆ ಕೇಳಿ.

1876ರ ಸೆಪ್ಟೆಂಬರ್ 7. ಅಮೆರಿಕದ ಮಿನ್ನೆಸೋಟ ರಾಜ್ಯದ ನಾರ್ತ್‌ಫೀಲ್ಡ್ ಎಂಬ ಪುಟ್ಟ ಊರು. ಉದ್ದನೆಯ ನಿಲುವಂಗಿ ತೊಟ್ಟ ಎಂಟು ಸವಾರರು ಊರೊಳಗೆ ಬಂದರು. ಜೆಸ್ಸಿ ಜೇಮ್ಸ್, ಅವನಣ್ಣ ಫ್ರಾಂಕ್, ಕೋಲ್ ಯಂಗರ್, ಅವನ ತಮ್ಮಂದಿರು ಜಿಮ್ ಮತ್ತು ಬಾಬ್, ಜೊತೆಗೆ ಇನ್ನು ಮೂವರು. ಮಿಸ್ಸೂರಿ ಕಡೆ ಬ್ಯಾಂಕು, ರೈಲು ದೋಚಿ ಪಳಗಿದ್ದ ಗ್ಯಾಂಗು!

ಮೂವರು ಫಸ್ಟ್ ನ್ಯಾಷನಲ್ ಬ್ಯಾಂಕಿನೊಳಗೆ ನುಗ್ಗಿದರು. ಕ್ಯಾಷಿಯರ್ ಊರಲ್ಲಿರಲಿಲ್ಲ. ಅವನ ಜಾಗದಲ್ಲಿ ಕೂತಿದ್ದವನು ಲೆಕ್ಕ ಬರೆಯುವ ಜೋಸೆಫ್ ಲೀ ಹೇವುಡ್. ವಯಸ್ಸು 39, ಮನೆಯಲ್ಲಿ ಹೆಂಡತಿ, ಮಗಳು. 'ಸೇಫ್ ತೆಗಿ' ಅಂದರು. 'ಟೈಮ್ ಲಾಕ್ ಇದೆ, ಆಗೋದಿಲ್ಲ' ಅಂದ. ಹೊಡೆದರು, ಕತ್ತಿಗೆ ಚಾಕು ಹಿಡಿದರು. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತಮಾಷೆ ಏನು ಗೊತ್ತೇ? ಸೇಫಿನ ಬಾಗಿಲು ಬರೀ ಮುಚ್ಚಿತ್ತು, ಬೀಗ ಬಿದ್ದಿರಲಿಲ್ಲ! ಒಳಗೆ ಸುಮಾರು 15 ಸಾವಿರ ಡಾಲರ್. ಒಬ್ಬನಾದರೂ ಹಿಡಿ ತಿರುಗಿಸಿ ನೋಡಲಿಲ್ಲ.

ಹೊರಗೆ ಅಷ್ಟರಲ್ಲಿ ಊರು ಎದ್ದಿತ್ತು. ಪೊಲೀಸರಲ್ಲ ಸ್ವಾಮಿ, ಊರಿನವರೇ! ಕಬ್ಬಿಣದ ಸಾಮಾನಿನ ಅಂಗಡಿಯ ಮ್ಯಾನಿಂಗ್ ರೈಫಲ್ ಹಿಡಿದು ಮೂಲೆಯಲ್ಲಿ ನಿಂತ. ರಜೆಗೆ ಬಂದಿದ್ದ ಡಾಕ್ಟರಿಕೆ ವಿದ್ಯಾರ್ಥಿ ವೀಲರ್ ಹೋಟೆಲಿನ ಮಹಡಿಯಿಂದ ಗುಂಡು ಹಾರಿಸಿದ. ಬಂದೂಕು ಇಲ್ಲದವರು ಕಲ್ಲು ತೂರಿದರು. ಏಳೇ ನಿಮಿಷ! ಇಬ್ಬರು ದರೋಡೆಕೋರರು ಬೀದಿಯಲ್ಲೇ ಹೆಣವಾದರು. ಗುಸ್ಟಾಫ್‌ಸನ್ ಎಂಬ ಸ್ವೀಡನ್ ವಲಸೆಗಾರನಿಗೂ ಗುಂಡು ತಗುಲಿ, ಕೆಲವು ದಿನಗಳಲ್ಲಿ ತೀರಿಕೊಂಡ. ಬ್ಯಾಂಕಿನಿಂದ ಓಡುವಾಗ ಒಬ್ಬ ಹೇವುಡ್‌ನ ತಲೆಗೆ ಗುಂಡಿಟ್ಟು ಹೋದ. ಸಿಕ್ಕಿದ ಹಣ ಇಪ್ಪತ್ತಾರು ಡಾಲರ್, ಚಿಲ್ಲರೆ.

ಎರಡು ವಾರದ ಬೇಟೆ. ಒಬ್ಬ ರೈತನ ಹುಡುಗ ಗುರುತು ಹಿಡಿದು ಸುದ್ದಿ ಮುಟ್ಟಿಸಿದ. ಯಂಗರ್ ಸೋದರರು ಗುಂಡೇಟು ತಿಂದು ಸಿಕ್ಕಿಬಿದ್ದು ಜೀವಾವಧಿ ಶಿಕ್ಷೆಗೆ ಗುರಿಯಾದರು. ಪಾರಾಗಿದ್ದ ಜೆಸ್ಸಿಯನ್ನು 1882ರಲ್ಲಿ ಅವನ ಗ್ಯಾಂಗಿನವನೇ ಹಿಂದಿನಿಂದ ಕೊಂದ.

1939ರ 'ಜೆಸ್ಸಿ ಜೇಮ್ಸ್' ಚಿತ್ರದಲ್ಲಿ ಟೈರೋನ್ ಪವರ್ ಅವನನ್ನು ಅನ್ಯಾಯಕ್ಕೆ ಸಿಡಿದೆದ್ದ ಸುಂದರಾಂಗ ಮಾಡಿಬಿಟ್ಟ. ನೋವು ಸುಳ್ಳಲ್ಲ. 1875ರಲ್ಲಿ ಖಾಸಗಿ ಪತ್ತೇದಾರರ ದಾಳಿಯಲ್ಲಿ ಅವನ ತಾಯಿ ಕೈ ಕಳಕೊಂಡಳು, ಪುಟ್ಟ ತಮ್ಮ ಸತ್ತ. ಆದರೆ ಅದಕ್ಕೂ ಹೇವುಡ್‌ಗೂ ಏನು ಸಂಬಂಧ? 1934ಕ್ಕೆ ಮುಂಚೆ ಅಲ್ಲಿ ಠೇವಣಿಗೆ ಸರ್ಕಾರಿ ವಿಮೆಯೇ ಇರಲಿಲ್ಲ. ಬ್ಯಾಂಕು ಮುಳುಗಿದರೆ ರೈತ, ಅಂಗಡಿಯವ, ವಿಧವೆ ಕೂಡಿಟ್ಟಿದ್ದೂ ಮುಳುಗಿತು. ಆ ಗುಮಾಸ್ತ ಕಾದದ್ದು ಸಾಹುಕಾರನ ತಿಜೋರಿ ಮಾತ್ರ ಅಲ್ಲ.

1972ರಲ್ಲಿ ಇದೇ ದಾಳಿಯ ಮೇಲೆ ಬಂದ ಚಿತ್ರದಲ್ಲಿ ರಾಬರ್ಟ್ ಡುವಾಲ್‌ನ ಜೆಸ್ಸಿಯನ್ನು ನೋಡಿ, ಸುಂದರಾಂಗನ ಸುಳಿವೇ ಇಲ್ಲ. ನಾರ್ತ್‌ಫೀಲ್ಡಿನವರಂತೂ ಈಗಲೂ ಪ್ರತಿ ಸೆಪ್ಟೆಂಬರ್‌ನಲ್ಲಿ ಉತ್ಸವ ಮಾಡ್ತಾರೆ. ಅದರ ಹೆಸರೇ 'ಜೆಸ್ಸಿ ಜೇಮ್ಸ್ ಸೋತ ದಿನಗಳು'! ಮುಂದಿನ ಸಲ ಪರದೆ ಮೇಲೆ ಬ್ಯಾಂಕು ದೋಚುವಾಗ, ಕೌಂಟರ್ ಹಿಂದಿನ ಮುಖವನ್ನೂ ಒಂದು ಗಳಿಗೆ ನೋಡಿ. ಶಿಳ್ಳೆ ಆಮೇಲೆ ಹೊಡೆದರಾಯ್ತು.

ಮುಂದಿನ ವಾರ: ಒಂದೇ ಬೆಳಿಗ್ಗೆ ಎರಡು ಬ್ಯಾಂಕಿಗೆ ಕೈಹಾಕಿದ ಡಾಲ್ಟನ್ ಸೋದರರು!